ಐದೇ ನಿಮಿಷ ಅಂದುಕೊಂಡು ಬೀಗ ಹಾಕಿದ ಕಾರು

ವಡೆ ಕಟ್ಟಿಸಿಕೊಳ್ಳಲು, ಮಾತ್ರೆ ತರಲು, ಮದುವೆಮನೆಯಲ್ಲಿ ಮುಯ್ಯಿ ಕೊಟ್ಟು ಬರಲು ಎಂದು ಮಗುವನ್ನು ಕಾರಿನಲ್ಲೇ ಬಿಟ್ಟು ಇಳಿಯುವುದು ನಮ್ಮ ಊರುಗಳಲ್ಲಿ ಈಗ ಮಾಮೂಲು. ಆ ಹೊತ್ತಿನಲ್ಲಿ ಕಾರಿನ ಒಳಗೆ ನಡೆಯುವುದೇನು?

ಮದ್ದೂರಿನ ಹಳೆಯ ಹೆದ್ದಾರಿ ಬದಿಯಲ್ಲಿ ಭಾನುವಾರ ಹತ್ತು ಗಂಟೆಯ ಮೇಲೆ ಸ್ವಲ್ಪ ಹೊತ್ತು ನಿಂತರೆ ಈ ನೋಟ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನಿಂದ ಊರ ಕಡೆ ಹೊರಟ ಕಾರೊಂದು ಹೋಟೆಲ್ ಮುಂದೆ ನಿಲ್ಲುತ್ತದೆ. ವಡೆ ಕಟ್ಟಿಸಲು ಅಪ್ಪ ಇಳಿಯುತ್ತಾನೆ, ಅಮ್ಮ ಶೌಚಾಲಯ ಹುಡುಕಿಕೊಂಡು ಹೋಗುತ್ತಾಳೆ. ಹಿಂದಿನ ಸೀಟಿನಲ್ಲಿ ಮಗು ನಿದ್ದೆ ಹೋಗಿದೆ. ಎಬ್ಬಿಸಿದರೆ ಅಳು, ರಂಪ. ‘ಮಲಗಿರ್‍ಲಿ ಬಿಡು, ಐದೇ ನಿಮಿಷ’ ಎಂದುಕೊಂಡು ಕೀ ಒತ್ತಿ ಬೀಗ ಹಾಕುತ್ತಾರೆ. ಮಳವಳ್ಳಿಯ ಅನಂತರಾಂ ವೃತ್ತದ ಸುತ್ತಮುತ್ತ ಔಷಧಿ ಅಂಗಡಿಗಳ ಮುಂದೆ, ಮಂಡ್ಯದ ಪೇಟೆಬೀದಿಯಲ್ಲಿ, ಬ್ಯಾಂಕು, ಎಟಿಎಂಗಳ ಎದುರು ನಡೆಯುವುದೂ ಇದೇ.

ಹೀಗೆ ಮಾಡುವವರು ಮಕ್ಕಳ ಬಗ್ಗೆ ಉದಾಸೀನ ಇರುವವರಲ್ಲ. ಬಿಸಿಲಿಗೆ ಇಳಿಸುವುದು ಬೇಡ, ರಸ್ತೆಯಲ್ಲಿ ಗಾಡಿಗಳ ನಡುವೆ ಎಳೆದುಕೊಂಡು ಹೋಗುವುದು ಬೇಡ ಎಂಬ ಕಾಳಜಿಯಿಂದಲೇ ಬಿಟ್ಟಿರುತ್ತಾರೆ. ತಪ್ಪುವುದು ಅವರ ಲೆಕ್ಕ, ಅದೂ ಎರಡು ಕಡೆ. ಕಾರಿನ ಹೊರಗೆ ಐದು ನಿಮಿಷದ ಕೆಲಸ ಐದು ನಿಮಿಷಕ್ಕೆ ಮುಗಿಯುವುದಿಲ್ಲ. ಕಾರಿನ ಒಳಗೆ ಶಾಖ ಅತಿ ವೇಗವಾಗಿ ಏರುವುದು, ನಾವು ‘ಪರವಾಗಿಲ್ಲ’ ಎಂದುಕೊಳ್ಳುವ ಆ ಮೊದಲ ಕೆಲವು ನಿಮಿಷಗಳಲ್ಲೇ.

ಗಾಜಿನೊಳಗೆ ಸಿಕ್ಕಿಬಿದ್ದ ಬಿಸಿಲು

ಬಿಸಿಲು ಕಾರಿನ ಗಾಜನ್ನು ಸಲೀಸಾಗಿ ದಾಟಿ ಒಳಗೆ ಬರುತ್ತದೆ. ಡ್ಯಾಶ್‌ಬೋರ್ಡ್, ಸ್ಟೀರಿಂಗ್, ಸೀಟಿನ ಹೊದಿಕೆಗಳು ಹೆಚ್ಚಾಗಿ ಕಪ್ಪು ಅಥವಾ ಕಡು ಬಣ್ಣದವು. ಅವು ಬಿಸಿಲನ್ನು ಹೀರಿ ಕಾದು, ಸುತ್ತಲಿನ ಗಾಳಿಗೆ ಶಾಖ ಬಿಡುತ್ತವೆ. ಹಾಗೆ ಬಿಟ್ಟ ಶಾಖ ಬೆಳಕಿನಷ್ಟು ಸುಲಭವಾಗಿ ಗಾಜು ದಾಟಿ ಹೊರಗೆ ಹೋಗದು. ಕಿಟಕಿ ಮುಚ್ಚಿರುವುದರಿಂದ ಕಾದ ಗಾಳಿಗೂ ದಾರಿಯಿಲ್ಲ. ಹೊರಗೆ ಗಾಳಿ ಬೀಸುತ್ತಿದ್ದರೂ ಒಳಗಿನದು ಬೇರೆಯದೇ ಹವೆ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಮತ್ತು ಹವಾಮಾನ ತಜ್ಞ ಜ್ಯಾನ್ ನಲ್ ಸೇರಿ 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಉಷ್ಣಾಂಶ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಆ ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗಿತ್ತು. ಕಿಟಕಿಯನ್ನು ಒಂದೂವರೆ ಅಂಗುಲ ಇಳಿಸಿಟ್ಟು ನೋಡಿದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ಗಾಜು ಸ್ವಲ್ಪ ಬಿಟ್ಟಿದ್ದೀನಿ’ ಎಂಬ ಸಮಾಧಾನಕ್ಕೆ ಅಲ್ಲಿಗೆ ಅರ್ಥ ಉಳಿಯಲಿಲ್ಲ.

ನಲ್ ಅವರ ಅಳತೆಯನ್ನು ನಮ್ಮ ಬಿಸಿಲಿಗೆ ಹೊಂದಿಸಿ ನೋಡೋಣ. ಮಂಡ್ಯ ಜಿಲ್ಲೆಯಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ 35 ಡಿಗ್ರಿ ದಾಟುವುದು ವಿಶೇಷವೇನಲ್ಲ. ಹೊರಗೆ 35 ಇದ್ದರೆ, ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷಕ್ಕೆ ಸುಮಾರು 45, ಇಪ್ಪತ್ತು ನಿಮಿಷಕ್ಕೆ 51, ಅರ್ಧ ಗಂಟೆಗೆ 54 ಡಿಗ್ರಿ. ಗಂಟೆ ಕಳೆದರೆ 59ರ ಹತ್ತಿರ. ‘ಇದು ಬೇಸಿಗೆ ಕಥೆ’ ಎನ್ನುವ ಹಾಗೂ ಇಲ್ಲ. ಹೊರಗೆ ಹಿತವೆನಿಸುವ 27 ಡಿಗ್ರಿ ಇದ್ದರೂ ಹತ್ತು ನಿಮಿಷಕ್ಕೆ ಒಳಗೆ 37, ಅರ್ಧ ಗಂಟೆಗೆ 45 ದಾಟುತ್ತದೆ. ಡಿಸೆಂಬರ್‌ನ ಎಳೆಬಿಸಿಲಿಗೂ ಈ ಲೆಕ್ಕ ಅನ್ವಯಿಸುತ್ತದೆ.

ನೆರಳಿನಲ್ಲಿ ನಿಲ್ಲಿಸಿದರೆ? ಅರಿಜೋನಾ ಸ್ಟೇಟ್ ಮತ್ತು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2018ರಲ್ಲಿ ಇದನ್ನೂ ಪರೀಕ್ಷಿಸಿದರು. ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಮುಟ್ಟಿತು. ಡ್ಯಾಶ್‌ಬೋರ್ಡ್ 69 ಡಿಗ್ರಿ, ಸೀಟು 50ರ ಮೇಲೆ. ನೆರಳಿನಲ್ಲಿ ನಿಂತ ಕಾರಿನ ಒಳಗೂ ಸುಮಾರು 38 ಡಿಗ್ರಿ ಇತ್ತು. ಹೊಂಗೆ ಮರದ ನೆರಳು ದೊಡ್ಡವರಿಗೆ ಹಿತ. ಆದರೆ ಮುಚ್ಚಿದ ಕಾರಿನಲ್ಲಿರುವ ಕೂಸಿಗೆ ಅದು ಅಪಾಯವನ್ನು ಸ್ವಲ್ಪ ಮುಂದೂಡುತ್ತದೆ, ಅಷ್ಟೆ.

ಮಳವಳ್ಳಿ, ಮದ್ದೂರು ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳು ಸಾಕುವ ಮನೆಯಲ್ಲಿ ಉಷ್ಣಾಂಶ 24ರಿಂದ 28 ಡಿಗ್ರಿಯೊಳಗೆ ಇರಬೇಕೆಂದು ಅವರು ಗೋಡೆಗೆ ಥರ್ಮಾಮೀಟರ್ ತೂಗುಹಾಕುತ್ತಾರೆ, ಬಿಸಿಲೇರಿದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ. ಗಾಳಿಯಾಡದ ಮನೆಯಲ್ಲಿ ಒಂದು ಮಧ್ಯಾಹ್ನ ಕಳೆದರೆ ಬೆಳೆ ಕೈಬಿಡುತ್ತದೆಂದು ಅವರಿಗೆ ಗೊತ್ತು. ಹುಳುಮನೆಗೆ ತೋರುವ ಆ ಎಚ್ಚರ ಅಂಗಳದಲ್ಲಿ ನಿಂತ ಕಾರಿಗೂ ಬೇಕು.

ಕೂಸಿನ ಮೈ ಬೇಗ ಕಾಯುತ್ತದೆ

ಅದೇ ಕಾರಿನಲ್ಲಿ ದೊಡ್ಡವರು ಕೂತಿದ್ದರೆ ಬೆವರುತ್ತಾರೆ, ಬೈದುಕೊಳ್ಳುತ್ತಾರೆ, ಬಾಗಿಲು ತೆಗೆದು ಇಳಿಯುತ್ತಾರೆ. ಮಗುವಿಗೆ ಈ ಮೂರೂ ಕಷ್ಟ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಸುತ್ತಲಿನ ಶಾಖವನ್ನು ಅದರ ಮೈ ಬೇಗ ಎಳೆದುಕೊಳ್ಳುತ್ತದೆ. ಬೆವರಿ ತಣ್ಣಗಾಗುವ ಶಕ್ತಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ವೇಗವಾಗಿ ಮಗುವಿನ ಮೈ ಕಾಯುತ್ತದೆ ಎಂದು ವೈದ್ಯರು ಹೇಳುತ್ತಾರೆ.

ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ಮುಟ್ಟಿದರೆ ಶಾಖಾಘಾತ. ಮಿದುಳು ಮಂಕಾಗುತ್ತದೆ, ಅಳುತ್ತಿದ್ದ ಮಗು ಸುಮ್ಮನಾಗುತ್ತದೆ. ಮುಂದೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು, ಮೂತ್ರಪಿಂಡ, ಯಕೃತ್ತುಗಳು ಕೈಕೊಡಬಹುದು. 42 ಡಿಗ್ರಿ ಹತ್ತಿರವಾದರೆ ಉಳಿಸುವುದೇ ಕಷ್ಟ. ‘ಅಳುವ ಸದ್ದು ಕೇಳಿಸಲಿಲ್ಲ, ಮಲಗಿದೆ ಅಂದ್ಕೊಂಡೆ’ ಎಂಬ ಮಾತು ಇಂಥ ದುರಂತಗಳ ಬೆನ್ನಲ್ಲೇ ಬರುವುದು ಇದರಿಂದಲೇ. ಶಾಖದಿಂದ ಮಂಪರಿಗೆ ಬಿದ್ದ ಮಗುವಿಗೂ ನಿದ್ದೆ ಹೋದ ಮಗುವಿಗೂ ಗಾಜಿನಾಚೆಯಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ಕಡೆಯ ಐದು ನಿಮಿಷ

ಇನ್ನು ಹೊರಗಿನ ಲೆಕ್ಕ. ಮಂಡ್ಯದಲ್ಲಿ ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ತೀರ್ಮಾನಿಸುವವರು ಕೆಲಸಕ್ಕೆ ಹೋದವರಲ್ಲ. ವಡೆ ಇನ್ನೂ ಬಾಣಲೆಯಲ್ಲಿರುತ್ತದೆ. ಔಷಧಿ ಅಂಗಡಿಯಲ್ಲಿ ಮುಂದೆ ನಿಂತವರ ಚೀಟಿ ಉದ್ದ ಇರುತ್ತದೆ. ಫೋನಿನಲ್ಲಿ ಹಣ ಹೋಯಿತು ಅನ್ನುತ್ತದೆ, ಅಂಗಡಿಯವರಿಗೆ ಬಂದ ಸದ್ದಾಗುವುದಿಲ್ಲ. ಅಷ್ಟರಲ್ಲಿ ಬೆನ್ನ ಮೇಲೊಂದು ಕೈ ಬೀಳುತ್ತದೆ: ‘ಏನಣ್ಣ, ಯಾವಾಗ್ ಬಂದೆ ಊರ್‍ಗೆ? ಬಾ, ಒಂದ್ ಟೀ ಕುಡಿಯನ.’ ಬೇಡವೆಂದರೆ ಬೇಜಾರು, ಒಪ್ಪಿದರೆ ಇಪ್ಪತ್ತು ನಿಮಿಷ. ಇದು ನಮ್ಮ ಊರುಗಳ ದೊಡ್ಡ ಗುಣ. ಬೀಗ ಹಾಕಿದ ಕಾರಿನಲ್ಲಿ ಮಗುವಿದ್ದಾಗ ಅದೇ ದೊಡ್ಡ ಅಪಾಯ.

ಬೀಗರೂಟದ ದಿನ ಈ ಅಪಾಯ ಇನ್ನಷ್ಟು ದೊಡ್ಡದು. ಕಲ್ಯಾಣ ಮಂಟಪದ ಮುಂದಿನ ಬಯಲಿನಲ್ಲಿ ಕಾರುಗಳ ಸಾಲು. ಒಂದು ಕಾರಿನಲ್ಲಿ ಎರಡು ಮನೆಯವರು. ಇಳಿಯುವಾಗ ಯಾರ ಮಗು ಯಾರ ಕೈಯಲ್ಲಿದೆ ಎಂಬುದು ಯಾರಿಗೂ ಖಚಿತವಿಲ್ಲ. ಅಜ್ಜಿ ಕರೆದುಕೊಂಡು ಹೋದರೆಂದು ಅಮ್ಮ, ಅಮ್ಮನ ಜೊತೆ ಇದೆಯೆಂದು ಅಪ್ಪ ಅಂದುಕೊಂಡಿರುತ್ತಾರೆ. ಒಳಗೆ ಪಂಕ್ತಿಗೆ ಕಾಯುವುದೇ ಅರ್ಧ ಗಂಟೆ.

ರಾಜಸ್ಥಾನದ ಕೋಟಾ ಜಿಲ್ಲೆಯ ಜೋರಾವರಪುರ ಹಳ್ಳಿಯಲ್ಲಿ 2024ರ ಮೇ 15ರಂದು ನಡೆದದ್ದು ಇಂಥದೇ ಗೊಂದಲ. ಕುಟುಂಬವೊಂದು ಎರಡು ಹೆಣ್ಣುಮಕ್ಕಳೊಂದಿಗೆ ಮದುವೆಗೆ ಹೋಗಿತ್ತು. ತಾಯಿ ಒಬ್ಬ ಮಗಳೊಂದಿಗೆ ಇಳಿದರು. ಇಬ್ಬರೂ ಇಳಿದರೆಂದುಕೊಂಡು ತಂದೆ ಕಾರು ನಿಲ್ಲಿಸಿ, ಬೀಗ ಹಾಕಿ ಒಳಗೆ ಹೋದರು. ಮಗು ಅಪ್ಪನ ಜೊತೆಗಿದೆ ಎಂದು ತಾಯಿ, ಅಮ್ಮನ ಜೊತೆಗಿದೆ ಎಂದು ತಂದೆ ನೆಂಟರ ನಡುವೆ ಓಡಾಡಿಕೊಂಡಿದ್ದರು. ಒಬ್ಬರನ್ನೊಬ್ಬರು ಕೇಳಿದಾಗ ಸುಮಾರು ಎರಡು ಗಂಟೆ ಕಳೆದಿತ್ತು. ಮೂರು ವರ್ಷದ ಮಗು ಬದುಕಿ ಉಳಿಯಲಿಲ್ಲ.

‘ಸ್ವಂತ ಮಗುವನ್ನು ಯಾರಾದರೂ ಮರೆಯುತ್ತಾರಾ’ ಎಂದು ಕೇಳುವುದು ಸುಲಭ. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದ ಮಿದುಳು ವಿಜ್ಞಾನಿ ಡೇವಿಡ್ ಡೈಮಂಡ್ ವರ್ಷಗಟ್ಟಲೆ ಈ ಪ್ರಶ್ನೆಯ ಹಿಂದೆ ಬಿದ್ದವರು. ರೂಢಿಯಿಂದ ಮಾಡುವ ಕೆಲಸವನ್ನು ಮಿದುಳಿನ ಒಂದು ಭಾಗ ನಡೆಸುತ್ತದೆ, ಇವತ್ತು ಹೊಸದಾಗಿ ಮಾಡಬೇಕಾದ್ದನ್ನು ನೆನಪಿಡುವುದು ಇನ್ನೊಂದು ಭಾಗ. ದಣಿವು, ನಿದ್ದೆಗೇಡು, ತರಾತುರಿ ಇದ್ದಾಗ ರೂಢಿಯದೇ ಮೇಲುಗೈಯಾಗುತ್ತದೆ, ಪ್ರೀತಿಗೂ ಇದಕ್ಕೂ ಸಂಬಂಧವಿಲ್ಲ ಎಂಬುದು ಅವರ ವಿವರಣೆ. ಅಮೆರಿಕದಲ್ಲಿ 1998ರಿಂದ ಈಚೆಗೆ ಕಾರಿನ ಶಾಖಕ್ಕೆ ಸಾವಿರಕ್ಕೂ ಹೆಚ್ಚು ಮಕ್ಕಳು ಸತ್ತಿದ್ದಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಮರೆತುಬಿಟ್ಟ ಮಕ್ಕಳು. ಕಾಲು ಭಾಗದಷ್ಟು ಮಕ್ಕಳು ತಾವಾಗಿಯೇ ಕಾರು ಹತ್ತಿದವರು. ಗೊತ್ತಿದ್ದೂ ‘ಈಗ ಬರ್ತೀನಿ’ ಎಂದು ಬಿಟ್ಟುಹೋದದ್ದು ಐದರಲ್ಲಿ ಒಂದು ಪಾಲಿನಷ್ಟು.

ನೆರೆಯಲ್ಲೇ ನಡೆದದ್ದು

ನಮ್ಮ ದೇಶದಲ್ಲಿ ಸುದ್ದಿಯಾದ ಘಟನೆಗಳಲ್ಲಿ ಮತ್ತೆಮತ್ತೆ ಕಾಣುವುದು ಎರಡನೆಯ ಬಗೆ. ಅಂಗಳದಲ್ಲೋ ಬೀದಿಯಲ್ಲೋ ನಿಂತ ಕಾರಿಗೆ ಆಟದ ನಡುವೆ ಮಕ್ಕಳು ಹತ್ತುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ, ತೆಗೆಯಲು ಗೊತ್ತಾಗುವುದಿಲ್ಲ.

ಆಂಧ್ರದ ವಿಜಯನಗರಂ ಬಳಿಯ ದ್ವಾರಪೂಡಿಯಲ್ಲಿ 2025ರ ಮೇ 18ರ ಭಾನುವಾರ ಆಡಲು ಹೋದ ನಾಲ್ಕು ಮಕ್ಕಳು ನಿಂತಿದ್ದ ಕಾರಿನಲ್ಲಿ ಸಿಕ್ಕಿಬಿದ್ದು ಸತ್ತರು. ಎಲ್ಲರೂ ಆರರಿಂದ ಎಂಟು ವರ್ಷದವರು. ಅದಕ್ಕೆ ಒಂದು ತಿಂಗಳು ಮೊದಲು, ಏಪ್ರಿಲ್ 14ರಂದು ತೆಲಂಗಾಣದ ಚೇವೆಳ್ಳ ಮಂಡಲದ ದಾಮರಗಿದ್ದದಲ್ಲಿ ನಾಲ್ಕು ಮತ್ತು ಐದು ವರ್ಷದ ಇಬ್ಬರು ಹೆಣ್ಣುಮಕ್ಕಳು ಹೀಗೇ ಹೋದರು. ದೊಡ್ಡವರು ಮದುವೆಯ ಮಾತುಕತೆಯಲ್ಲಿದ್ದ ಮನೆ ಅದು. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಪಣಗುಡಿ ಹತ್ತಿರ 2022ರ ಜೂನ್‌ನಲ್ಲಿ ಮೂರು ಮಕ್ಕಳು. ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ 2024ರ ನವೆಂಬರ್ 2ರಂದು, ಅಪ್ಪ ಅಮ್ಮ ಹೊಲದ ಕೂಲಿಗೆ ಹೋಗಿದ್ದಾಗ, ಒಂದೇ ಮನೆಯ ನಾಲ್ಕು ಮಕ್ಕಳು. ದೀಪಾವಳಿಯ ಹೊತ್ತಿನಲ್ಲಿ ನಡೆದ ಸಾವುಗಳಿವು, ನಡುಬೇಸಿಗೆಯವಲ್ಲ.

ಈ ಘಟನೆಗಳಿಗೂ ವಡೆ ಅಂಗಡಿ ಮುಂದಿನ ಐದು ನಿಮಿಷಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ವಿದೇಶಗಳಲ್ಲಿ ಮಕ್ಕಳು ಅವರದೇ ಸೀಟಿಗೆ ಕಟ್ಟಿಸಿಕೊಂಡು ಕೂತಿರುತ್ತಾರೆ. ನಮ್ಮಲ್ಲಿ ಮಗು ಕಾರಿನೊಳಗೆ ಬಿಡುಬೀಸಾಗಿರುತ್ತದೆ, ಮುಂದಿನ ಸೀಟಿಗೆ ಹಾರುತ್ತದೆ, ಗುಂಡಿಗಳನ್ನು ಒತ್ತುತ್ತದೆ. ಒಂದು ದಿನ ‘ಇಲ್ಲೇ ಆಟ ಆಡ್ಕೊಂಡಿರು’ ಎಂದು ಅಂಗಡಿಗೆ ಹೋದರೆ, ಕಾರು ಆಟದ ಜಾಗ ಎಂಬುದು ಮಗುವಿನ ಮನಸ್ಸಿನಲ್ಲಿ ಕೂತುಬಿಡುತ್ತದೆ. ಮರುದಿನ ಅಂಗಳದಲ್ಲಿ ಬೀಗವಿಲ್ಲದೆ ನಿಂತ ಕಾರಿಗೆ ತಾನಾಗಿಯೇ ಹತ್ತುತ್ತದೆ. ಹಿಂದಿನ ಬಾಗಿಲುಗಳಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನಿಂದ ಎಷ್ಟು ಎಳೆದರೂ ಅವು ತೆರೆಯುವುದಿಲ್ಲ. ಓಡುವ ಕಾರಿನಲ್ಲಿ ಮಗುವನ್ನು ಕಾಯುವ ಆ ಸಾಧನ ನಿಂತ ಕಾರಿನಲ್ಲಿ ಅದನ್ನು ಕೂಡಿಹಾಕುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಘಟಕದ ಆಕಸ್ಮಿಕ ಸಾವುಗಳ ವರದಿಯಲ್ಲಿ ಶಾಖಾಘಾತಕ್ಕೊಂದು ಸಾಲಿದೆ. ಕಾರಿನೊಳಗೆ ಸತ್ತ ಮಕ್ಕಳಿಗೆ ಪ್ರತ್ಯೇಕ ಸಾಲಿಲ್ಲ. ಹೀಗಾಗಿ ಪ್ರತಿ ಸಾವೂ ಎಲ್ಲೋ ಒಂದು ಊರಿನ ಬಿಡಿ ಸುದ್ದಿಯಾಗಿ ಮುಗಿಯುತ್ತದೆ.

ಬಿಸಿಲೊಂದೇ ಅಲ್ಲ

‘ಎಸಿ ಹಾಕಿಟ್ಟೇ ಇಳಿಯುತ್ತೇವೆ’ ಎನ್ನುವವರಿದ್ದಾರೆ. ಎಂಜಿನ್ ಓಡುತ್ತಿರುವ ಕಾರಿನಲ್ಲಿ ಮಗುವೊಂದೇ ಇದ್ದರೆ ಅಪಾಯದ ಬಗೆ ಬದಲಾಗುತ್ತದೆ, ಅಪಾಯ ಉಳಿಯುತ್ತದೆ. ಎಂಜಿನ್ ನಿಂತರೆ ಎಸಿಯೂ ನಿಲ್ಲುತ್ತದೆ. ಮುಚ್ಚಿದ ಶೆಡ್ಡಿನಲ್ಲೋ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲೋ ಹೊಗೆಯ ಇಂಗಾಲದ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಒಳಗೆ ಸೇರಬಹುದು. ಪವರ್ ವಿಂಡೋ ಗುಂಡಿಗೆ ಮೊಣಕಾಲು ತಗುಲಿ ಮೇಲೇರಿದ ಗಾಜಿಗೆ ಕುತ್ತಿಗೆ ಸಿಕ್ಕಬಹುದು. ಗೇರಿಗೆ ಕೈ ಬಿದ್ದರೆ, ಹ್ಯಾಂಡ್‌ಬ್ರೇಕ್ ಸಡಿಲವಾದರೆ ಕಾರು ಉರುಳುತ್ತದೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿಯ ಮೇಲೆ ಕಾರು ನಿಲ್ಲಿಸಿ ಗದ್ದೆ ನೋಡಿ ಬರಲು ಇಳಿಯುವವರು ಇದನ್ನು ಮರೆಯಬಾರದು. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಬಸ್ಸು ನಾಲೆಗೆ ಬಿದ್ದು 30 ಜನ ಸತ್ತ ಜಿಲ್ಲೆ ಇದು. ನೀರಿನ ಅಂಚಿನಲ್ಲಿ ತಡೆಗೋಡೆ ಇಲ್ಲದ ಕಡೆ, ಚಾಲಕನಿಲ್ಲದ ಕಾರಿನಲ್ಲಿ ಮಗುವನ್ನು ಬಿಡುವುದೆಂದರೆ ಅದರ ಜೀವವನ್ನು ಒಂದು ಹ್ಯಾಂಡ್‌ಬ್ರೇಕಿನ ಭರವಸೆಗೆ ಬಿಟ್ಟಂತೆ.

ಓಡುತ್ತಿರುವ ಎಂಜಿನ್ ಕಳ್ಳನಿಗೂ ಆಹ್ವಾನ. ದೆಹಲಿಯ ಲಕ್ಷ್ಮಿನಗರದಲ್ಲಿ 2024ರ ಜೂನ್ 28ರ ರಾತ್ರಿ ಸಿಹಿತಿಂಡಿ ಅಂಗಡಿಗೆಂದು ಹೆತ್ತವರು ಇಳಿದಿದ್ದಾಗ, ಪಾರ್ಕಿಂಗ್ ಸಹಾಯಕನಂತೆ ನಟಿಸಿದವನೊಬ್ಬ ಇಬ್ಬರು ಮಕ್ಕಳಿದ್ದ ಕಾರನ್ನೇ ಓಡಿಸಿಕೊಂಡು ಹೋದ. 50 ಲಕ್ಷ ರೂಪಾಯಿ ಕೇಳಿದ. ಪೊಲೀಸರು ಕೆಲವು ಗಂಟೆ ಬೆನ್ನಟ್ಟಿದ ಮೇಲೆ ಕಾರು ಬಿಟ್ಟು ಓಡಿದ. ಮಕ್ಕಳು ಪಾರಾದರು.

ಕಾನೂನು ಏನು ಹೇಳುತ್ತದೆ

ಮಗುವನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬಾರದು ಎಂದು ಹೆಸರಿಟ್ಟು ಹೇಳುವ ಕಾನೂನು ನಮ್ಮಲ್ಲಿಲ್ಲ. ಆದರೆ ಹತ್ತಿರದ ಕಲಮುಗಳಿವೆ. ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರಿಲ್ಲದೆ, ಎಂಜಿನ್ ನಿಲ್ಲಿಸದೆ, ಬ್ರೇಕ್ ಹಾಕದೆ ಸಾರ್ವಜನಿಕ ಜಾಗದಲ್ಲಿ ವಾಹನ ಬಿಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಹೇಳುತ್ತದೆ. ಎಸಿ ಓಡಿಸಿಟ್ಟು ಅಂಗಡಿಗೆ ಹೋಗುವುದು ಇದರಡಿ ತಪ್ಪು. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ, ತನ್ನ ಸುಪರ್ದಿಯಲ್ಲಿರುವ ಮಗುವನ್ನು ಬೇಕೆಂದೇ ಕಡೆಗಣಿಸಿ ನೋವಿಗೆ ಒಡ್ಡಿದವರಿಗೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ, ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಸೆರೆ.

ವಾಹನದ ಕಡೆಯಿಂದಲೂ ಒಂದು ರಕ್ಷಣೆ ಇದೆ. 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಕಾರುಗಳ ಸೆಂಟ್ರಲ್ ಲಾಕ್ ಕೈಯಿಂದಲೂ ತೆರೆಯುವಂತಿರಬೇಕು. ತೆರೆಯುವ ಬಗೆ ಮಗುವಿಗೆ ಗೊತ್ತಿರಬೇಕಷ್ಟೆ. ಇಟಲಿಯಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳ ಸೀಟಿಗೆ, ಮಗುವನ್ನು ಬಿಟ್ಟು ಇಳಿದರೆ ಎಚ್ಚರಿಸುವ ಸಾಧನ 2019ರ ನವೆಂಬರ್‌ನಿಂದ ಕಡ್ಡಾಯ. ಜಪಾನಿನ ಮಕಿನೊಹಾರದಲ್ಲಿ 2022ರಲ್ಲಿ ಶಿಶುವಿಹಾರದ ಬಸ್ಸಿನಲ್ಲಿ ಉಳಿದುಹೋದ ಮಗು ಸತ್ತ ಮೇಲೆ, 2023ರ ಏಪ್ರಿಲ್‌ನಿಂದ ಅಂಥ ಬಸ್ಸುಗಳಿಗೆ ಎಚ್ಚರಿಕೆ ಗಂಟೆ ಅಳವಡಿಸುವ ನಿಯಮ ಬಂತು. ಚಾಲಕ ಬಸ್ಸಿನ ಹಿಂದಿನ ತುದಿಗೆ ನಡೆದುಹೋಗಿ ಸೀಟುಗಳನ್ನು ನೋಡಿಯೇ ಅದನ್ನು ನಿಲ್ಲಿಸಬೇಕು. ನಮ್ಮ ಶಾಲಾ ವ್ಯಾನುಗಳಿಗೆ ಗಂಟೆ ಇಲ್ಲದಿದ್ದರೂ, ಹಿಂದಿನ ಸೀಟಿನವರೆಗೆ ನಡೆದು ನೋಡುವ ಕೆಲಸಕ್ಕೆ ಕಾಸು ಬೇಕಿಲ್ಲ.

ಬೈದರೆ ಮಗು ಉಳಿಯದು

ಅಮೆರಿಕದಲ್ಲಿರುವ ಮಗ ಸೊಸೆಯ ಮನೆಗೆ ಹೋಗಿ ಬಂದ ಅಜ್ಜ ಅಜ್ಜಿಯರು ಅಲ್ಲಿನ ಕಟ್ಟುನಿಟ್ಟಿನ ಬಗ್ಗೆ ಬೆರಗಿನಿಂದ ಹೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಆರು ವರ್ಷದವರೆಗಿನ ಮಗುವನ್ನು, ಹನ್ನೆರಡು ವರ್ಷ ತುಂಬಿದವರು ಜೊತೆಗಿಲ್ಲದೆ ಅಪಾಯದ ಸ್ಥಿತಿಯಲ್ಲಿ ಕಾರಿನಲ್ಲಿ ಬಿಟ್ಟರೆ ದಂಡ. ಕಟ್ಟುನಿಟ್ಟು ಅತಿಯಾದದ್ದೂ ಉಂಟು. ಕಿಮ್ ಬ್ರೂಕ್ಸ್ ಎಂಬ ಲೇಖಕಿ 2011ರಲ್ಲಿ ವರ್ಜೀನಿಯಾದಲ್ಲಿ ತಂಪು ಹವೆಯ ದಿನ ನಾಲ್ಕು ವರ್ಷದ ಮಗನನ್ನು ಕೆಲವು ನಿಮಿಷ ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗಿಬಂದರು. ದಾರಿಹೋಕರೊಬ್ಬರು ಚಿತ್ರೀಕರಿಸಿ ಪೊಲೀಸರಿಗೆ ತಿಳಿಸಿದರು. ಪ್ರಕರಣ ದಾಖಲಾಗಿ ಆಕೆ ನೂರು ಗಂಟೆ ಸಮುದಾಯ ಸೇವೆ ಮಾಡಬೇಕಾಯಿತು. ನಮ್ಮವರು ಬಹಳಷ್ಟು ಮಂದಿ ನೆಲೆಸಿರುವ ನ್ಯೂಜೆರ್ಸಿಯಲ್ಲಿ, 19 ತಿಂಗಳ ಮಗುವನ್ನು ಹತ್ತು ನಿಮಿಷದಷ್ಟು ಬಿಟ್ಟುಹೋದ ತಾಯಿಯ ಪ್ರಕರಣ 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಿಚಾರಣೆಯನ್ನೇ ನಡೆಸದೆ ಆಕೆಯನ್ನು ಮಕ್ಕಳನ್ನು ಕಡೆಗಣಿಸಿದವರ ಪಟ್ಟಿಗೆ ಸೇರಿಸುವಂತಿಲ್ಲ ಎಂದು ಕೋರ್ಟು ಹೇಳಿತು.

ಇರ್ವಿನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದು ಕುತೂಹಲದ ಪ್ರಯೋಗ ಮಾಡಿದರು. ಜನರಿಗೆ ಓದಲು ಕೊಟ್ಟ ಪುಟ್ಟ ಕಥೆಗಳಲ್ಲಿ ಮಗು ಒಂಟಿಯಾಗಿದ್ದ ಹೊತ್ತು ಒಂದೇ, ಸನ್ನಿವೇಶವೂ ಒಂದೇ. ತಾಯಿ ಹೋದ ಕಾರಣ ಮಾತ್ರ ಬೇರೆಬೇರೆ. ತಾಯಿ ಅಪಘಾತಕ್ಕೆ ಸಿಕ್ಕಿ ಬರಲಾಗಲಿಲ್ಲ ಎಂದಾಗ ಓದಿದವರು ಮಗುವಿಗಿದ್ದ ಅಪಾಯ ಕಡಿಮೆ ಎಂದರು, ಪ್ರಿಯಕರನನ್ನು ನೋಡಲು ಹೋಗಿದ್ದಳು ಎಂದಾಗ ಬಹಳ ಹೆಚ್ಚು ಎಂದರು. ಬಿಸಿಲಿಗೆ ತಾಯಿ ಎಲ್ಲಿಗೆ ಹೋದಳೆಂಬುದು ಗೊತ್ತಾಗುವುದಿಲ್ಲ. ಗೊತ್ತಾಗುವುದು ನಮಗೆ, ತೀರ್ಪು ಕೊಡುವವರೂ ನಾವೇ. ದುರಂತವಾದಾಗ ‘ತಾಯಾದವಳಿಗೆ ಬುದ್ಧಿ ಬೇಡ್ವಾ’ ಎಂದು ಶುರುವಾಗುವ ಮಾತು, ಕೋಟಾದಲ್ಲಿ ಬೀಗ ಹಾಕಿದ್ದು ಯಾರೆಂಬುದನ್ನೂ ಕೇಳುವುದಿಲ್ಲ. ತಾನು ಒಳ್ಳೆಯ ತಾಯಿ, ತನಗೆ ಹಾಗಾಗದು ಎಂಬ ಭ್ರಮೆಯನ್ನು ಬೆಳೆಸುವುದೂ ಇದೇ ಮಾತು.

ಊರು ಮಾಡಬಹುದಾದದ್ದು

ಮಂಡ್ಯದ ಪೇಟೆಯಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬರೇ ಇಳಿಯುವುದು ಸುಲಭವಲ್ಲ. ಪಾದಚಾರಿ ದಾರಿಯಲ್ಲಿ ಬೈಕುಗಳು ನಿಂತಿರುತ್ತವೆ, ಮಗುವನ್ನು ಕೆಳಗಿಳಿಸಿದರೆ ಆಟೊಗಳ ನಡುವೆಯೇ ನಡೆಸಬೇಕು. ಇದನ್ನು ಒಪ್ಪಿಕೊಳ್ಳದೆ ‘ಬಿಡಬೇಡಿ’ ಎಂದಷ್ಟೇ ಹೇಳಿದರೆ ಉಪದೇಶವಾಗುತ್ತದೆ.

ಪರಿಹಾರ ನಮ್ಮ ರೂಢಿಯಲ್ಲೇ ಇದೆ. ಎಳನೀರು ಮಾರುವವರು ಕೊಚ್ಚಿದ ಕಾಯನ್ನು ಕಾರಿನ ಕಿಟಕಿಗೇ ತಂದುಕೊಡುತ್ತಾರೆ. ಔಷಧಿ, ದಿನಸಿ, ತಿಂಡಿ ಅಂಗಡಿಯವರೂ ‘ಕಾರಿನಲ್ಲಿ ಮಗು ಇದೆಯೇ? ಫೋನ್ ಮಾಡಿ, ತಂದುಕೊಡುತ್ತೇವೆ’ ಎಂದು ಒಂದು ಬೋರ್ಡ್ ಹಾಕಿದರೆ ವ್ಯಾಪಾರವೂ ಆಯಿತು, ಮಗುವೂ ಕ್ಷೇಮ. ಕಲ್ಯಾಣ ಮಂಟಪಗಳಲ್ಲಿ ಕಾರು ನಿಲ್ಲಿಸಲು ಸಿಳ್ಳೆ ಹೊಡೆಯುವ ಹುಡುಗರಿಗೆ, ಪ್ರತಿ ಕಾರಿನ ಹಿಂದಿನ ಸೀಟನ್ನು ಒಮ್ಮೆ ಇಣುಕಿ ನೋಡಬೇಕೆಂದು ಹೇಳಿಕೊಡಬಹುದು. ಗಗನಚುಕ್ಕಿಯ ವೀಕ್ಷಣಾ ತಾಣದಲ್ಲಿ, ಮುತ್ತತ್ತಿಯಲ್ಲಿ ಪಾರ್ಕಿಂಗ್ ಚೀಟಿಯ ಹಿಂದೆ ಎರಡು ಸಾಲು ಮುದ್ರಿಸಬಹುದು.

ಮನೆಯವರು ಮಾಡಬೇಕಾದ್ದು ಇಷ್ಟು:

• ಕಾರಿನಲ್ಲಿ ಮಗುವಿದ್ದರೆ ದೊಡ್ಡವರೊಬ್ಬರು ಒಳಗೇ ಇರಬೇಕು. ಯಾರೂ ಇಲ್ಲವಾದರೆ ಮಗು ನಿಮ್ಮೊಂದಿಗೆ ಇಳಿಯಬೇಕು, ನಿದ್ದೆ ಕೆಟ್ಟರೂ ಸರಿ.

• ಹಲವರು ಒಟ್ಟಿಗೆ ಹೋದಾಗ ಯಾವ ಮಗು ಯಾರ ಸುಪರ್ದಿ ಎಂದು ಇಳಿಯುವ ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳಿ. ಬೀಗ ಹಾಕುವವರು ಹಿಂದಿನ ಬಾಗಿಲು ತೆಗೆದು ನೋಡಿಯೇ ಹಾಕಲಿ.

• ಪರ್ಸ್, ಫೋನು, ಬ್ಯಾಗನ್ನು ಮಗುವಿನ ಪಕ್ಕದಲ್ಲೇ ಇಡುವ ರೂಢಿ ಒಳ್ಳೆಯದು. ಇಳಿದ ಮೇಲೆ ಹಿಂದಿನ ಸೀಟಿಗೆ ಕೈಹಾಕಲೇಬೇಕಾಗುತ್ತದೆ.

• ಮನೆ ಮುಂದೆ ನಿಂತ ಕಾರಿಗೂ ಬೀಗವಿರಲಿ, ಡಿಕ್ಕಿಗೂ ಸಹ. ಕೀ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ. ಮಗು ಕಾಣದಿದ್ದರೆ ಬಾವಿ, ಸಂಪು ನೋಡಿದ ಹಾಗೆಯೇ ಸುತ್ತಲಿನ ಕಾರುಗಳನ್ನೂ ನೋಡಿ.

• ತಿಳಿವಳಿಕೆ ಬಂದ ಮಗುವಿಗೆ ಮುಂದಿನ ಸೀಟಿಗೆ ಬಂದು ಲಾಕ್ ಎತ್ತುವುದನ್ನು, ಹಾರ್ನ್ ಒತ್ತಿ ಹಿಡಿಯುವುದನ್ನು ಕಲಿಸಿ. ಹಲವು ಕಾರುಗಳಲ್ಲಿ ಕೀ ಇಲ್ಲದಿದ್ದರೂ ಹಾರ್ನ್ ಕೂಗುತ್ತದೆ.

• ಗಾಜಿಗೆ ಕಪ್ಪು ಫಿಲ್ಮ್ ಬೇಡ. ಸುಪ್ರೀಂ ಕೋರ್ಟ್ 2012ರಲ್ಲೇ ಅದನ್ನು ನಿಷೇಧಿಸಿದೆ. ಒಳಗೆ ಸಿಕ್ಕಿದ ಮಗು ಹೊರಗಿನವರಿಗೆ ಕಾಣದಂತೆ ಮಾಡುವುದು ಅದೇ.

ಒಂಟಿ ಮಗು ಕಂಡರೆ

ಬೀಗ ಹಾಕಿದ ಕಾರಿನಲ್ಲಿ ಮಗು ಒಂಟಿಯಾಗಿ ಕಂಡರೆ ‘ನಮಗ್ಯಾಕೆ’ ಎಂದು ಮುಂದೆ ಹೋಗಬೇಡಿ. ಮಗು ಚೆನ್ನಾಗಿದ್ದರೆ ಪಕ್ಕದ ಅಂಗಡಿಗಳಲ್ಲಿ ಕಾರಿನ ನಂಬರ್ ಕೂಗಿ ಕೇಳಿ, ಕಾರಿನ ಬಳಿ ಒಬ್ಬರು ನಿಂತಿರಿ. 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಮಗು ಪೂರ್ತಿ ಬೆವರಿದ್ದರೆ, ಮೈ ಕೆಂಪಾಗಿದ್ದರೆ, ಗಾಜು ತಟ್ಟಿದರೂ ಕಣ್ಣು ಬಿಡದಿದ್ದರೆ ಮಾಲೀಕರಿಗಾಗಿ ಕಾಯುವ ಹೊತ್ತಲ್ಲ. ಮಗುವಿನಿಂದ ದೂರದ ಕಿಟಕಿಯ ಗಾಜನ್ನು, ನಡುವೆ ಹೊಡೆಯದೆ ಮೂಲೆಯಲ್ಲಿ ಹೊಡೆದು ಒಡೆಯಿರಿ. ಮುಂಭಾಗದ ದೊಡ್ಡ ಗಾಜು ಸುಲಭಕ್ಕೆ ಒಡೆಯುವುದಿಲ್ಲ. ಇನ್ನೊಂದು ದೊಡ್ಡ ಹಾನಿಯನ್ನು ತಪ್ಪಿಸಲು ಸದುದ್ದೇಶದಿಂದ ಮಾಡಿದ ಕೆಲಸ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಂ ಹೇಳುತ್ತದೆ.

ಹೊರಗೆ ತೆಗೆದ ಮಗುವನ್ನು ನೆರಳಿಗೆ ಒಯ್ದು ಬಟ್ಟೆ ಸಡಿಲಿಸಿ. ಮೈಗೆಲ್ಲ ನೀರು ಸವರಿ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ನೀರು ಹುಯ್ಯಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ತಣ್ಣಗಾಗಿಸುವುದನ್ನು ನಿಲ್ಲಿಸಬೇಡಿ. ಹೆತ್ತವರು ಓಡಿ ಬಂದಾಗ ಬೈಯಬೇಡಿ, ಹೊಡೆಯಬೇಡಿ. ಆ ಹೊತ್ತಿನಲ್ಲಿ ಅವರ ಕೈಕಾಲೂ ಆಸ್ಪತ್ರೆಯ ಕಡೆ ಓಡಲು ಬೇಕು.

ಐದು ನಿಮಿಷ ಎಂಬ ಅಂದಾಜಿನಲ್ಲಿ ಇಳಿಯಬೇಡಿ. ಆ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತದೆಂದು ಮೊದಲೇ ಗೊತ್ತಿದ್ದರೆ ಮಗುವನ್ನು ಬಿಡುತ್ತಿದ್ದೆನೇ ಎಂದು ಬೀಗ ಹಾಕುವ ಮುಂಚೆ ಕೇಳಿಕೊಳ್ಳಿ. ಇಲ್ಲ ಎಂದಾದರೆ ಮಗುವನ್ನು ಎಬ್ಬಿಸಿ, ಎತ್ತಿಕೊಂಡು ಹೋಗಿ. ನಿದ್ದೆ ಕೆಟ್ಟ ಮಗು ಹತ್ತು ನಿಮಿಷ ಅತ್ತು ಸುಮ್ಮನಾಗುತ್ತದೆ.